ತುಂಬದ ಗುಂಡಿಯ ನೀರು ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಹಳೆ ಮನೆ ತೆಗೆದು ಅದೇ ಜಾಗದಲ್ಲಿ ಹೊಸದು ಕಟ್ಟಿಸುತ್ತಿದ್ದೇವೆ. ದೀಪಾವಳಿ ಕಳೆದ ಮೇಲೆ ಕೆಲಸ ಶುರು. ಮನೆಯಲ್ಲಿ ಆರು ಜನ, ಹಬ್ಬಕ್ಕೆ ಇಪ್ಪತ್ತಾಗುತ್ತೇವೆ. ಊರಿಗೆ ಒಳಚರಂಡಿ ಇಲ್ಲ. ಮನೆ ಇಳಿಜಾರಿನಲ್ಲಿದೆ. ಹಿತ್ತಿಲಲ್ಲಿ ಕುಡಿಯುವ ನೀರಿನ ಬಾವಿ, ಅದರ ಕೆಳಗೆ ಅಡಿಕೆ ತೋಟ. ಬಾವಿಗಿಂತ 25 ಅಡಿ ಮೇಲೆ 12 ರಿಂಗಿನ ಗುಂಡಿ ಇಳಿಸಿ, ತಳಕ್ಕೆ ಕಾಂಕ್ರೀಟ್ ಬೇಡ, ಬಚ್ಚಲು ನೀರನ್ನೂ ಅದಕ್ಕೇ ಬಿಡಿ, ಜನ್ಮದಲ್ಲಿ ತುಂಬುವುದಿಲ್ಲ ಎನ್ನುತ್ತಾರೆ ಮೇಸ್ತ್ರಿ. ಪಕ್ಕದ ಮನೆಯಲ್ಲಿ ಐದು ಜನ, ಅವರ ಇಂಥದ್ದೇ ಗುಂಡಿ 20 ವರ್ಷದಿಂದ ತುಂಬಿಲ್ಲವಂತೆ. ಸೆಪ್ಟಿಕ್ ಟ್ಯಾಂಕ್ ಕಟ್ಟಿಸಿ ಅದರ ನೀರನ್ನು ತೋಟದ ಬಸಿಗಾಲುವೆಗೆ ಬಿಡೋಣ ಎನ್ನುವುದು ತಮ್ಮನ ಅಭಿಪ್ರಾಯ. ಮನೆಯ ಎಡಕ್ಕೆ, ರಸ್ತೆ ಪಕ್ಕ ಹಳೆ ಕಣ ಖಾಲಿ ಬಿದ್ದಿದೆ. ಅದು ಬಾವಿಯಿಂದ 80 ಅಡಿ ದೂರ. ಕಣದ ಆಚೆ ನೆಲ ಬಾವಿ ಕಡೆಗಲ್ಲ, ಹಕ್ಕಲಿನ (ಕುರುಚಲು ಬೆಳೆದ ಪಾಳು ನೆಲದ) ಕಡೆಗೆ ಇಳಿಯುತ್ತದೆ. ಆದರೆ ಅಲ್ಲಿಗೆ 50 ಅಡಿ ಪೈಪ್ ಎಳೆಯಬೇಕು, ಖರ್ಚು ಜಾಸ್ತಿ. ಯಾವುದು ಸರಿ?

ಉತ್ತರ: ಬಾವಿ ಎಷ್ಟು ದೂರ, ನೆಲ ಯಾವ ಕಡೆ ಇಳಿಯುತ್ತದೆ ಎನ್ನುವುದನ್ನು ನೀವೇ ನೋಡಿ ಬರೆದಿದ್ದೀರಿ. ತುಂಬಾ ಒಳ್ಳೆಯದಾಯಿತು. ಹೆಚ್ಚಿನವರು ಗುಂಡಿಯ ಉದ್ದಗಲ ಮಾತ್ರ ಕೇಳುತ್ತಾರೆ, ಬಾವಿಯ ಸುದ್ದಿಯನ್ನೇ ಎತ್ತುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ. ಹಿತ್ತಿಲಿನ ರಿಂಗ್ ಗುಂಡಿ ಬೇಡ. ಬಸಿಗಾಲುವೆಯೂ ಬೇಡ. ನಿಮ್ಮ ಮನೆಗೆ ಸರಿಯಾದ ಜಾಗ ಆ ಖಾಲಿ ಕಣ.

ಪಕ್ಕದ ಮನೆಯ ಗುಂಡಿಯಿಂದಲೇ ಶುರು ಮಾಡುತ್ತೇನೆ. ಒಬ್ಬ ಮನುಷ್ಯನಿಂದ ವರ್ಷಕ್ಕೆ ಗುಂಡಿಯಲ್ಲಿ ಉಳಿಯುವ ಕೆಸರು ಸುಮಾರು 40ರಿಂದ 45 ಲೀಟರ್. ಐದು ಜನಕ್ಕೆ ವರ್ಷಕ್ಕೆ 225 ಲೀಟರ್ ಎಂದಿಟ್ಟುಕೊಳ್ಳಿ. 20 ವರ್ಷಕ್ಕೆ 4,500 ಲೀಟರ್ ಆಯಿತು. ಮೂರು ಅಡಿ ಅಗಲದ, ಅಡಿ ಎತ್ತರದ ರಿಂಗ್ 12 ಇಳಿಸಿದರೆ ಒಳಗೆ ಹಿಡಿಸುವುದು ಸುಮಾರು 2,400 ಲೀಟರ್. ಕೆಸರು ಕಾಲ ಕಳೆದಂತೆ ಕುಗ್ಗುತ್ತದೆ, ನಿಜ. ಹಾಗೆ ಬಿಟ್ಟುಕೊಟ್ಟರೂ ಲೆಕ್ಕ ಕೂಡುವುದಿಲ್ಲ. ಹಾಗಾದರೆ ಉಳಿದದ್ದು ಎಲ್ಲಿಗೆ ಹೋಯಿತು? ನೆಲದೊಳಗೆ ದಾರಿ ಮಾಡಿಕೊಂಡು ಹೋಯಿತು. ಪ್ರತಿ ಮಳೆಗಾಲ ಗುಂಡಿಯನ್ನು ಒಳಗಿನಿಂದ ತೊಳೆದು ಹೋಗುತ್ತಿದೆ. ನಮ್ಮ ಕಡೆ ಜನ ಹೆಮ್ಮೆಯಿಂದ ಹೇಳುವ ಈ ಮಾತು, ಗುಂಡಿ ತುಂಬೇ ಇಲ್ಲ ಅನ್ನುವುದು, ನನಗೆ ಕೇಳಿದ ಕೂಡಲೇ ಭಯ ಹುಟ್ಟಿಸುತ್ತದೆ. ಸರಿಯಾಗಿ ಕೆಲಸ ಮಾಡುವ ಗುಂಡಿ ತುಂಬಲೇಬೇಕು. ನೀರು ನಿಧಾನವಾಗಿ ಇಂಗಬೇಕು, ಕೆಸರು ಅಲ್ಲೇ ಉಳಿಯಬೇಕು.

ನಿಮ್ಮ ನೆಲದ ಗುಣವೂ ಇದಕ್ಕೆ ಕೂಡಿಬರುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಬಹುತೇಕ ಜಂಬಿಟ್ಟಿಗೆ ನೆಲ. ಕರಾವಳಿಯಲ್ಲಿ ಇದನ್ನೇ ಮುರಕಲ್ಲು ಅನ್ನುತ್ತಾರೆ, ಉತ್ತರ ಕನ್ನಡದಲ್ಲಿ ಚಿರೇಕಲ್ಲು. ಫ್ರಾನ್ಸಿಸ್ ಬುಕಾನನ್ ಎಂಬ ಬ್ರಿಟಿಷ್ ಅಧಿಕಾರಿ 1807ರಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ಅದರ ಮೂಲ ಪದಕ್ಕೆ ಇಟ್ಟಿಗೆ ಎಂದೇ ಅರ್ಥ. ನಮ್ಮ ಹೆಸರಲ್ಲೂ ಇಟ್ಟಿಗೆ ಇದೆ, ನೋಡಿ. ಕೊಡಲಿಯಲ್ಲಿ ಕಡಿದು ಗೋಡೆ ಕಟ್ಟಲು ಒಳ್ಳೆಯ ಕಲ್ಲು. ಆದರೆ ಒಂದು ತುಂಡನ್ನು ಕೈಯಲ್ಲಿ ಹಿಡಿದು ನೋಡಿ, ತುಂಬಾ ತೂತು. ನೆಲದೊಳಗೆ ಈ ತೂತುಗಳು ಒಂದಕ್ಕೊಂದು ಸೇರಿ ಕೊಳವೆಗಳಾಗಿರುತ್ತವೆ, ಕೆಲವು ಕಡೆ ಕೈ ತೂರುವಷ್ಟು ದೊಡ್ಡವು. ಮಣ್ಣಿನಲ್ಲಿ ನೀರು ಹುಡಿಯ ಸಂದಿಯಲ್ಲಿ ನಿಧಾನವಾಗಿ ಜಿನುಗುತ್ತದೆ, ಆಗ ರೋಗಾಣುಗಳು ಅಲ್ಲೇ ಸಿಕ್ಕಿಕೊಂಡು ಸಾಯುತ್ತವೆ. ಜಂಬಿಟ್ಟಿಗೆಯ ಕೊಳವೆಯಲ್ಲಿ ನೀರು ಸೋಸುವುದಿಲ್ಲ, ಸುಮ್ನೆ ಹರಿಯುತ್ತದೆ.

ಅದಕ್ಕಿಂತ ದೊಡ್ಡ ತೊಂದರೆ ಮಳೆಗಾಲದ ಅಂತರ್ಜಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು ಮಳೆ. ನಿಮ್ಮಲ್ಲಿ ಅಷ್ಟಿಲ್ಲದಿರಬಹುದು. ಆದರೂ ಆಷಾಢ ಕಳೆಯುವ ಹೊತ್ತಿಗೆ ಬಾವಿ ನೀರು ಎಷ್ಟು ಮೇಲೆ ಬರುತ್ತದೆ ಎಂದು ನಿಮಗೆ ಗೊತ್ತು. ಎಷ್ಟೋ ಮನೆಗಳಲ್ಲಿ ಬಗ್ಗಿ ಕೊಡದಲ್ಲೇ ಎತ್ತಬಹುದು. ಬೇಸಿಗೆಯಲ್ಲಿ 12 ಅಡಿ ಗುಂಡಿ ತೋಡುವಾಗ ತಳ ಒಣಗಿರುತ್ತದೆ, ಮೇಸ್ತ್ರಿಗೂ ಸಮಾಧಾನ, ನಿಮಗೂ ಸಮಾಧಾನ. ಜುಲೈಯಲ್ಲಿ ಅದೇ ಗುಂಡಿಯ ಮುಕ್ಕಾಲು ಪಾಲು ಅಂತರ್ಜಲದಲ್ಲಿ ಮುಳುಗಿರುತ್ತದೆ. ಆಗ ಗುಂಡಿಯ ನೀರಿಗೂ ಬಾವಿಯ ನೀರಿಗೂ ನಡುವೆ ಗಾಳಿಯಾಡುವ ಮಣ್ಣೇ ಇರುವುದಿಲ್ಲ. ಎರಡೂ ಒಂದೇ ನೀರು. ಅದರ ಮೇಲೆ ನಿಮ್ಮಲ್ಲಿ ಗುಂಡಿ ಮೇಲೆ, ಬಾವಿ ಕೆಳಗೆ.

ಹಲವು ವರ್ಷದ ಹಿಂದೆ ಒಂದು ಮನೆಗೆ ಹೋಗಿದ್ದೆ. ಬಾವಿ ನೀರಿನಲ್ಲಿ ಫಿನಾಯಿಲ್ ವಾಸನೆ ಬರುತ್ತದೆ, ಯಾರೋ ಹಾಳು ಮಾಡಲೆಂದೇ ಹಾಕಿದ್ದಾರೆ ಎಂದು ಅವರಿಗೆ ಅನುಮಾನ. ನೆರೆಮನೆಯವರ ಜೊತೆ ಮಾತು ಬಿಟ್ಟಿದ್ದರು. ನೋಡಿದರೆ ಅವರದೇ ಶೌಚಾಲಯಕ್ಕೆ ಅವರೇ ಹಾಕಿದ ಫಿನಾಯಿಲ್. ಗುಂಡಿಯಿಂದ ಬಾವಿಗೆ 30 ಅಡಿ ಇತ್ತು. ವಾಸನೆ ಬಂದದ್ದರಿಂದ ಗೊತ್ತಾಯಿತು. ವಾಸನೆ ಇಲ್ಲದ್ದು ಅದಕ್ಕೂ ಮೊದಲೇ ಎಷ್ಟು ವರ್ಷದಿಂದ ಬರುತ್ತಿತ್ತೋ! ಆ ಮನೆಯಲ್ಲಿ ಮಕ್ಕಳಿಗೆ ಪ್ರತಿ ಮಳೆಗಾಲ ಹೊಟ್ಟೆ ಕೆಡುತ್ತಿತ್ತು. ಹವೆಗೆ ಹಾಗಾಗುತ್ತದೆ ಎಂದು ಎಲ್ಲರೂ ಸುಮ್ಮನಿದ್ದರು.

ಹಾಗಾಗಿ ಕೆಲಸ ಶುರುವಾಗುವ ಮೊದಲೇ ನಿಮ್ಮ ಬಾವಿ ನೀರನ್ನು ಪರೀಕ್ಷೆ ಮಾಡಿಸಿ. ಬೇಸಿಗೆಯಲ್ಲಲ್ಲ, ಮಳೆಗಾಲದಲ್ಲಿ. ಗ್ರಾಮ ಪಂಚಾಯಿತಿಗಳಿಗೆ ಜಲ ಜೀವನ್ ಮಿಷನ್ನಿನಲ್ಲಿ ನೀರು ಪರೀಕ್ಷೆಯ ಕಿಟ್ ಕೊಟ್ಟಿದ್ದಾರೆ, ಕೇಳಿ ನೋಡಿ. ಅದರಲ್ಲಿ ಒಂದು ಪುಟ್ಟ ಬಾಟಲಿ ಇರುತ್ತದೆ. ನೀರು ತುಂಬಿಸಿ ಒಂದೆರಡು ದಿನ ಬೆಚ್ಚಗಿಟ್ಟಾಗ ಕಪ್ಪಗಾದರೆ ಮಲದ ಸೋಂಕು ಇದೆ ಎಂದು ಅನುಮಾನಿಸಬೇಕು. ಆಗ ಪ್ರಯೋಗಾಲಯಕ್ಕೆ ಕೊಡಿ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500. ಅದರ ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಇ. ಕೋಲಿ ಎಂಬ ಮಲದ ಬ್ಯಾಕ್ಟೀರಿಯಾ ಒಂದೂ ಕಾಣಬಾರದು. ಮಲಮೂತ್ರದಿಂದಲೂ ನೀರಿಗೆ ಸೇರುವ ನೈಟ್ರೇಟ್ ಎಂಬ ಲವಣ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ನೈಟ್ರೇಟನ್ನು ಮರೆಯದೆ ಕೇಳಿ. ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ಅದು ಜಾಸ್ತಿ ಇರುವ ನೀರು ಬಾಟಲಿ ಹಾಲು ಕುಡಿಯುವ ಹಸುಗೂಸಿಗೆ ಅಪಾಯ. ಪಕ್ಕದ ಮನೆಯ ಗುಂಡಿ ನಿಮ್ಮ ಬಾವಿಗೆ ಎಷ್ಟು ದೂರ ಎಂದೂ ಅಳೆಯಿರಿ. ನಿಮ್ಮ ಕಣದಿಂದ ಅವರ ಬಾವಿಗೆ ಎಷ್ಟು ಎಂದೂ.

ಇನ್ನು ತಮ್ಮನ ಮಾತು. ಸೆಪ್ಟಿಕ್ ಟ್ಯಾಂಕ್ ಕಟ್ಟಿದರೆ ಅದರಿಂದ ಹೊರಬರುವ ನೀರು ಶುದ್ಧ ಎಂದು ತುಂಬಾ ಜನ ನಂಬಿದ್ದಾರೆ. ಹಾಗಲ್ಲ. ಟ್ಯಾಂಕ್ ಮಾಡುವುದು ಎರಡೇ ಕೆಲಸ. ಗಟ್ಟಿ ಪದಾರ್ಥ ತಳಕ್ಕೆ ಕೂರುತ್ತದೆ, ಎಣ್ಣೆ ಜಿಡ್ಡು ಮೇಲೆ ತೇಲುತ್ತದೆ. ಗಾಳಿ ಇಲ್ಲದ ಕಡೆ ಬದುಕುವ ಸೂಕ್ಷ್ಮಜೀವಿಗಳು ಒಂದಷ್ಟನ್ನು ಕರಗಿಸುತ್ತವೆ. ನಡುವಿನ ನೀರು ಹೊರಗೆ ಹೋಗುತ್ತದೆ. ನೋಡಲು ಸ್ವಲ್ಪ ತಿಳಿಯಾಗಿರಬಹುದು, ಆದರೆ ಅದರಲ್ಲಿ ರೋಗಾಣುಗಳೂ ಜಂತುಹುಳುವಿನ ಮೊಟ್ಟೆಗಳೂ ಇರುತ್ತವೆ. ಅದನ್ನು ಬಸಿಗಾಲುವೆಗೆ ಬಿಟ್ಟರೆ ತೋಟದ ತಲೆಯಿಂದ ಬುಡದವರೆಗೆ ಹರಿಯುತ್ತದೆ. ಅಡಿಕೆ ಹೆಕ್ಕುವವರು, ಕಳೆ ತೆಗೆಯುವವರು ಅದರಲ್ಲೇ ಬರಿಗಾಲಲ್ಲಿ ಓಡಾಡುತ್ತಾರೆ. ಕೆಳಗಿನವರ ತೋಟ, ಅವರ ಕೆರೆ, ಹಳ್ಳ, ಎಲ್ಲಕ್ಕೂ ಹೋಗುತ್ತದೆ. ಟ್ಯಾಂಕಿನ ನೀರು ಮಣ್ಣಿನೊಳಗೆ ಇಂಗಿದಾಗ ಮಾತ್ರ ಆ ಕೆಲಸ ಮುಗಿದಂತೆ. ಟ್ಯಾಂಕಿನದು ಅರ್ಧ ಕೆಲಸ, ಉಳಿದರ್ಧ ಮಣ್ಣಿನದು.

ಈಗ ಕಣಕ್ಕೆ ಬರೋಣ. ಸೆಪ್ಟಿಕ್ ಟ್ಯಾಂಕಿನ ಬಗ್ಗೆ ನಮ್ಮಲ್ಲಿ ಐಎಸ್ 2470 ಎಂಬ ಹಳೆಯ, ಒಳ್ಳೆಯ ನಿಯಮಾವಳಿ ಇದೆ. ಅದರಂತೆ ಟ್ಯಾಂಕಿನ ನೀರು ಇಂಗುವ ಜಾಗ ಕುಡಿಯುವ ನೀರಿನ ಮೂಲದಿಂದ ಕಡಿಮೆ ಎಂದರೂ 18 ಮೀಟರ್ ದೂರ ಇರಬೇಕು, ಅಂದರೆ 60 ಅಡಿ. ಮನೆಯಿಂದ 6 ಮೀಟರ್. ನಿಮ್ಮ ಕಣ 80 ಅಡಿ ಇದೆ. ಜಂಬಿಟ್ಟಿಗೆ ನೆಲದಲ್ಲಿ ಈ ಹೆಚ್ಚಿನ 20 ಅಡಿ ನನಗೆ ಬೇಕೇ ಬೇಕು. ದೂರಕ್ಕಿಂತಲೂ ನನಗೆ ಖುಷಿ ಕೊಟ್ಟದ್ದು ನೀವು ಬರೆದ ಇನ್ನೊಂದು ಮಾತು, ಕಣದ ಆಚೆ ನೆಲ ಹಕ್ಕಲಿನ ಕಡೆ ಇಳಿಯುತ್ತದೆ ಎನ್ನುವುದು. ಮೇಲ್ಮೈ ಇಳಿಯುವ ಕಡೆಗೇ ಸಾಮಾನ್ಯವಾಗಿ ಒಳಗಿನ ನೀರೂ ಸಾಗುತ್ತದೆ.

ಆದರೆ ಒಂದು ಕೆಲಸ ಈ ಮಳೆಗಾಲದಲ್ಲೇ ಆಗಬೇಕು. ದೀಪಾವಳಿವರೆಗೆ ಕಾದರೆ ಸಿಗುವುದಿಲ್ಲ. ಕಣದ ನಡುವೆ ಹಾರೆಯಲ್ಲಿ ಅಥವಾ ಕೈ ಬೈರಿಗೆಯಲ್ಲಿ 10 ಅಡಿ ಆಳದ ಸಣ್ಣ ತೂತು ತೋಡಿಸಿ. ಉದ್ದಕ್ಕೂ ತೂತು ಕೊರೆದ ಒಂದು ಪಿವಿಸಿ ಪೈಪ್ ಇಳಿಸಿ. ಮೇಲಿನಿಂದ ಮಳೆನೀರು ನುಗ್ಗದಂತೆ ಬಾಯಿ ಸುತ್ತ ಮಣ್ಣು ಒತ್ತಿ, ಮುಚ್ಚಳ ಹಾಕಿ. ವಾರಕ್ಕೊಮ್ಮೆ ಕೋಲು ಇಳಿಸಿ ನೀರು ಎಷ್ಟು ಆಳದಲ್ಲಿದೆ ನೋಡಿ ಬರೆದಿಡಿ. ಪುಷ್ಯ ಮಳೆ ಮುಗಿಯುವ ಹೊತ್ತಿನ ಅಳತೆ ಮುಖ್ಯ. ಆ ಒಂದು ಅಂಕೆ ಇಲ್ಲದೆ ಯಾವ ಎಂಜಿನಿಯರೂ ನಿಮಗೆ ಸರಿಯಾದ ಉತ್ತರ ಕೊಡಲಾರ. ಅದು ಸಿಕ್ಕಿದರೆ ಮುಂದಿನ ದಾರಿ ತಾನಾಗಿ ಕಾಣುತ್ತದೆ.

ಮಳೆಗಾಲದ ಮಧ್ಯದಲ್ಲೂ ನೀರು 10 ಅಡಿಗಿಂತ ಕೆಳಗೇ ಇದ್ದರೆ, ನನ್ನ ಮೊದಲ ಆಯ್ಕೆ ಎರಡು ಗುಂಡಿಯ ಶೌಚಾಲಯ. ಸೆಪ್ಟಿಕ್ ಟ್ಯಾಂಕ್ ಅಲ್ಲ. ಇದನ್ನು ಬಡವರ ಶೌಚಾಲಯ ಎಂದು ಜನ ಕಡೆಗಣಿಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಎರಡೂ ಗುಂಡಿ ಆಳ ಬೇಡ, ಪೈಪ್ ಬರುವ ಮಟ್ಟದಿಂದ ಒಂದು ಮೀಟರ್ ಸಾಕು. ಆಳ ಕಡಿಮೆ ಇದ್ದಷ್ಟೂ ಗುಂಡಿಯ ತಳ ಅಂತರ್ಜಲದಿಂದ ಮೇಲಿರುತ್ತದೆ. ತಳಕ್ಕೂ ಮಳೆಗಾಲದ ನೀರಿನ ಮಟ್ಟಕ್ಕೂ ನಡುವೆ 2 ಮೀಟರ್ ಒಣ ಮಣ್ಣು ಇರಬೇಕು ಎನ್ನುವುದು ಸುರಕ್ಷಿತ ಲೆಕ್ಕ. ಸಾಮಾನ್ಯವಾಗಿ ಒಂದು ಮೀಟರ್ ಅಗಲದ ಗುಂಡಿ ಹೇಳುತ್ತಾರೆ. ಅದು ಚೊಂಬಿನಲ್ಲಿ ನೀರು ಹಾಕುವ ಮನೆಗೆ ಸರಿ. ನೀವು ಅಪ್ಪ ಅಮ್ಮನಿಗಾಗಿ ಕಮೋಡ್ ಹಾಕಿಸುತ್ತೀರಿ ಅಂದುಕೊಂಡಿದ್ದೇನೆ, ಫ್ಲಶ್ಶಿನ ನೀರು ಜಾಸ್ತಿ. ಹಾಗಾಗಿ 1.2 ಮೀಟರ್ ಅಗಲ ಮಾಡಿಸಿ. ಆಗ ಒಂದು ಗುಂಡಿಗೆ ಸುಮಾರು 1,100 ಲೀಟರ್ ಹಿಡಿಸುತ್ತದೆ. ಆರು ಜನಕ್ಕೆ ವರ್ಷಕ್ಕೆ 270 ಲೀಟರ್ ಕೆಸರು. ನಾಲ್ಕು ವರ್ಷಕ್ಕೆ ತುಂಬುತ್ತದೆ. ತುಂಬಲಿ. ತುಂಬಿದ ದಿನ ಪೈಪನ್ನು ಇನ್ನೊಂದಕ್ಕೆ ತಿರುಗಿಸಿ, ಇದನ್ನು ಎರಡು ವರ್ಷ ಮುಟ್ಟಬೇಡಿ. ಆಮೇಲೆ ತೆಗೆದರೆ ಅದು ಮಲ ಅಲ್ಲ, ಕಪ್ಪು ಮಣ್ಣು. ವಾಸನೆ ಇಲ್ಲ. ಅಡಿಕೆ, ತೆಂಗು, ಬಾಳೆಯ ಬುಡಕ್ಕೆ ಹಾಕಬಹುದು. ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗೆ ಬೇಡ.

ಇದನ್ನು ನಂಬದವರಿಗೆ ತೋರಿಸಲೆಂದೇ 2017ರ ಫೆಬ್ರವರಿಯಲ್ಲಿ ಆಗ ಕೇಂದ್ರದ ಕುಡಿಯುವ ನೀರು ಮತ್ತು ನೈರ್ಮಲ್ಯ ಸಚಿವಾಲಯದ ಕಾರ್ಯದರ್ಶಿಯಾಗಿದ್ದ ಪರಮೇಶ್ವರನ್ ಅಯ್ಯರ್, ತೆಲಂಗಾಣದ ಗಂಗದೇವಿಪಲ್ಲಿ ಎಂಬ ಹಳ್ಳಿಯಲ್ಲಿ ಇಂಥ ಗುಂಡಿಗೆ ತಾವೇ ಇಳಿದು ಗೊಬ್ಬರ ತೆಗೆದರು. ಅಷ್ಟು ದೊಡ್ಡ ಅಧಿಕಾರಿ ಹಾಗೆ ಮಾಡಿದ್ದು ನನಗೆ ಈಗಲೂ ತುಂಬಾ ದೊಡ್ಡ ಕೆಲಸ ಅನ್ನಿಸುತ್ತದೆ.

ಕಟ್ಟುವಾಗ ಆಗುವ ಒಂದು ತಪ್ಪನ್ನು ಎಷ್ಟು ಹೇಳಿದರೂ ಸಾಲದು. ಎರಡು ಗುಂಡಿ ತೋಡುತ್ತಾರೆ, ಆದರೆ ಮೊದಲನೆಯದರಿಂದ ಎರಡನೆಯದಕ್ಕೆ ಪೈಪ್ ಕೊಡುತ್ತಾರೆ. ಒಂದು ತುಂಬಿ ಇನ್ನೊಂದಕ್ಕೆ ಚೆಲ್ಲಲಿ ಎಂದು. ಹಾಗೆ ಮಾಡಿದರೆ ಮೊದಲನೆಯದಕ್ಕೆ ವಿಶ್ರಾಂತಿಯೇ ಇಲ್ಲ, ಯಾವತ್ತೂ ಹಸಿ ಮಲವೇ. ಎರಡು ಗುಂಡಿಗೆ ನಡುವೆ ಸಂಬಂಧ ಇರಬಾರದು. ಮೇಲೆ ವೈ ಆಕಾರದ ಪುಟ್ಟ ಚೇಂಬರ್, ಅದರಲ್ಲಿ ಒಂದು ಬಾಯಿ ಮುಚ್ಚಿ ಇನ್ನೊಂದು ತೆರೆದಿರಬೇಕು. ನಿಮ್ಮ ನೆಲಕ್ಕೆ ಇನ್ನೊಂದು ಬೇಕು. ಗುಂಡಿಯ ತಳಕ್ಕೆ ಕಾಂಕ್ರೀಟ್ ಹಾಕಿ ಮುಚ್ಚಿ, ನೀರು ಹೊರಹೋಗಲು ಸಂದು ಬಿಟ್ಟು ಕಟ್ಟಿದ ಗೋಡೆಯ ಹೊರಗೆ ಸುತ್ತಲೂ 500 ಮಿಲಿಮೀಟರ್ ದಪ್ಪ ಸಣ್ಣ ಮರಳು ತುಂಬಿಸಬೇಕು. ಜಂಬಿಟ್ಟಿಗೆಯ ತೂತಿಗೆ ನೀರು ನೇರ ಸಿಗದೆ ಮೊದಲು ಮರಳಿನಲ್ಲಿ ಸೋಸಿ ಹೋಗಲಿ ಎಂದು. ಮರಳಿಗೆ ದುಡ್ಡು ಜಾಸ್ತಿ, ಗೊತ್ತು. ಇಲ್ಲಿ ಉಳಿಸಬೇಡಿ. ಗುಂಡಿಯ ಬಾಯಿ ನೆಲಕ್ಕಿಂತ ಎತ್ತರ ಇರಲಿ, ಮಾಡಿನ ನೀರು ಅದರತ್ತ ಸುಳಿಯಬಾರದು.

ಇನ್ನು ಕಣದಲ್ಲಿ ಇಳಿಸಿದ ಆ ಪೈಪಿನಲ್ಲಿ ನೀರು ನೆಲಮಟ್ಟದಿಂದ ಐದಾರು ಅಡಿ ಕೆಳಗಿನವರೆಗೆ ಏರಿತು ಎಂದುಕೊಳ್ಳಿ. ಆಗ ಗುಂಡಿ ಯಾವ ಥರದ್ದೂ ಬೇಡ. ಸೋರದ ಸೆಪ್ಟಿಕ್ ಟ್ಯಾಂಕ್, ಅದರ ಮುಂದೆ ಆಳವಿಲ್ಲದ ಇಂಗುಕಾಲುವೆ, ಅಂದರೆ ಟ್ಯಾಂಕಿನ ನೀರು ಮಣ್ಣಿಗೆ ಇಂಗಲೆಂದು ಜಲ್ಲಿ ತುಂಬಿ, ತೂತಿನ ಪೈಪ್ ಮಲಗಿಸಿ ಮುಚ್ಚಿದ ಕಾಲುವೆ. ಐಎಸ್ 2470ರಲ್ಲಿ 10 ಜನಕ್ಕೆ, ಎರಡು ವರ್ಷಕ್ಕೊಮ್ಮೆ ಖಾಲಿ ಮಾಡುವ ಲೆಕ್ಕದಲ್ಲಿ, ಕೊಟ್ಟಿರುವ ಅಳತೆ 2 ಮೀಟರ್ ಉದ್ದ, 0.9 ಮೀಟರ್ ಅಗಲ, ನೀರಿನ ಆಳ 1.4 ಮೀಟರ್. ಮೇಲೆ 30 ಸೆಂಟಿಮೀಟರ್ ಖಾಲಿ. ಆರು ಜನ ಮತ್ತು ಹಬ್ಬದ ನೆಂಟರು, ಎಲ್ಲಕ್ಕೂ ಇದು ಸಾಕು. ಉದ್ದದ ಮೂರನೇ ಎರಡು ಭಾಗದಲ್ಲಿ ನಡುಗೋಡೆ ಹಾಕಿಸಿ. ಒಳಗೆ ಬರುವ ಪೈಪಿಗೂ ಹೊರಗೆ ಹೋಗುವ ಪೈಪಿಗೂ ಇಂಗ್ಲಿಷ್ ಟಿ ಆಕಾರದ ಪೈಪ್ ತುಂಡು ತಪ್ಪಿಸಬೇಡಿ, ಇಲ್ಲದಿದ್ದರೆ ಮೇಲಿನ ಜಿಡ್ಡು ಹೊರಗೆ ಹೋಗಿ ಇಂಗುವ ಮಣ್ಣನ್ನು ಕಟ್ಟಿಹಾಕುತ್ತದೆ. ತಳಕ್ಕೆ ಕಾಂಕ್ರೀಟ್, ಒಳಗೋಡೆಗೆ ಚೆನ್ನಾಗಿ ಗಿಲಾವು. ಕಟ್ಟಿದ ಮೇಲೆ ನೀರು ತುಂಬಿಸಿ ಒಂದು ದಿನ ಬಿಟ್ಟು ಮಟ್ಟ ಇಳಿಯಿತಾ ನೋಡಿ. ಇಳಿದರೆ ಮೇಸ್ತ್ರಿಗೆ ಕೊನೆಯ ಕಂತು ಕೊಡಬೇಡಿ.

ಇಂಗುಕಾಲುವೆ ಎಷ್ಟು ಉದ್ದ ಬೇಕು ಎಂದು ನೆಲವೇ ಹೇಳುತ್ತದೆ. ಕಣದಲ್ಲಿ ಎರಡು ಅಡಿ ಆಳ, ಒಂದು ಅಡಿ ಅಗಲದ ತೂತು ತೋಡಿ. ಪಕ್ಕಗಳನ್ನು ಕತ್ತಿಯಲ್ಲಿ ಗೀರಿ ಒರಟು ಮಾಡಿ, ತಳಕ್ಕೆ ಎರಡು ಇಂಚು ಜಲ್ಲಿ ಹಾಕಿ. ಒಂದು ಅಡಿ ನೀರು ತುಂಬಿಸಿ ರಾತ್ರಿ ಬಿಡಿ. ಮರುದಿನ ಜಲ್ಲಿಯ ಮೇಲೆ ಆರು ಇಂಚು ನಿಲ್ಲುವಂತೆ ನೀರು ಹಾಕಿ, 25 ಮಿಲಿಮೀಟರ್ ಇಳಿಯಲು ಎಷ್ಟು ನಿಮಿಷ ಬೇಕು ನೋಡಿ. ಇದನ್ನೂ ಮಳೆಗಾಲದಲ್ಲೇ ಮಾಡಿ, ಆಗಲೇ ನೆಲದ ನಿಜವಾದ ತಾಕತ್ತು ಗೊತ್ತಾಗುವುದು. 10 ನಿಮಿಷ ಬೇಕಾದರೆ ಒಂದು ಚದರ ಮೀಟರ್ ಜಾಗ ದಿನಕ್ಕೆ 65 ಲೀಟರ್ ಕುಡಿಯುತ್ತದೆ. ಒಬ್ಬರಿಗೆ ಶೌಚದ ನೀರು ದಿನಕ್ಕೆ 40 ಲೀಟರ್ ಎಂದರೆ ಆರು ಜನಕ್ಕೆ 240. ಭಾಗಿಸಿದರೆ ಸುಮಾರು 3.7 ಚದರ ಮೀಟರ್. ಎರಡು ಅಡಿ ಅಗಲದ ಕಾಲುವೆ 20 ಅಡಿ ಉದ್ದ ಸಾಕು. ನಾನಾದರೆ ಅಂಥವು ಎರಡು ಮಾಡಿಸಿ, ಆರು ತಿಂಗಳಿಗೊಮ್ಮೆ ಬದಲಾಯಿಸುತ್ತೇನೆ. ಮಣ್ಣಿಗೂ ಉಸಿರಾಡಲು ಬಿಡುವು ಬೇಕು. 60 ನಿಮಿಷ ಮೀರಿದರೆ ಆ ಜಾಗ ಇಂಗಿಸಲು ಆಗದು. ಒಂದೆರಡು ನಿಮಿಷದಲ್ಲೇ ಇಳಿದುಹೋಯಿತೇ? ಅದಕ್ಕೂ ಖುಷಿಪಡಬೇಡಿ. ಅಲ್ಲಿ ಜಂಬಿಟ್ಟಿಗೆಯ ಕೊಳವೆ ಬಾಯಿ ತೆರೆದಿದೆ, ಕಾಲುವೆಗೆ ಮರಳಿನ ಹಾಸು ಹಾಕಲೇಬೇಕು. ಮಳೆಗಾಲದ ನೀರು ಇನ್ನೂ ಮೇಲೆ ಬರುವ ಜಾಗವಾದರೆ ಕಾಲುವೆಯನ್ನು ತೋಡುವ ಬದಲು, ಕಣದ ಮೇಲೆ ಮಣ್ಣು ಮರಳು ಏರಿಸಿ ದಿಬ್ಬ ಮಾಡಿ ಅದರಲ್ಲಿ ಪೈಪ್ ಮಲಗಿಸಬೇಕಾಗುತ್ತದೆ. ಆಗ ಒಂದು ಚಿಕ್ಕ ಪಂಪ್ ಬೇಕಾಗಬಹುದು.

ಬಚ್ಚಲು ನೀರನ್ನು ಇದ್ಯಾವುದಕ್ಕೂ ಸೇರಿಸಬೇಡಿ. ಸ್ನಾನ, ಬಟ್ಟೆ, ಪಾತ್ರೆಯ ನೀರು ಶೌಚದ ನೀರಿಗಿಂತ ಎಷ್ಟೋ ಜಾಸ್ತಿ. ಅದು ಗುಂಡಿಗೆ ಬಿದ್ದರೆ ಕೆಸರು ಕೂರಲು ಬಿಡುವುದಿಲ್ಲ, ಎಲ್ಲವನ್ನೂ ಕದಡಿ ಹೊರಗೆ ತಳ್ಳುತ್ತದೆ. ನಮ್ಮ ಅಜ್ಜಿಯರು ಬಚ್ಚಲು ನೀರನ್ನು ಬಾಳೆ ಬುಡಕ್ಕೆ, ಕೆಸುವಿಗೆ, ಬಸಳೆ ಚಪ್ಪರಕ್ಕೆ ಬಿಡುತ್ತಿದ್ದರಲ್ವಾ, ಅದೇ ಸರಿ. ಅಡುಗೆಮನೆಯ ನೀರಿಗೆ ಮೊದಲು ಜಿಡ್ಡು ತಡೆಯುವ ಒಂದು ಪುಟ್ಟ ತೊಟ್ಟಿ ಇಡಿ, ತಿಂಗಳಿಗೊಮ್ಮೆ ಮೇಲಿನ ಜಿಡ್ಡು ತೆಗೆಯಿರಿ. ಆಮೇಲೆ ಬಾಳೆಯ ನಡುವೆ ಜಲ್ಲಿ ತುಂಬಿದ ಆಳವಿಲ್ಲದ ಪಾತಿಗೆ ಬಿಡಿ. ಅದು ಕೂಡ ಬಾವಿಯ ಕೆಳಗಿನ ಕಡೆ ಇರಲಿ, ಮೇಲಲ್ಲ. ಮಗುವಿನ ಕೊಳೆಬಟ್ಟೆ ತೊಳೆದ ನೀರು ಮಾತ್ರ ಶೌಚಾಲಯಕ್ಕೆ ಹೋಗಲಿ.

ಈಗ ಸ್ವಚ್ಛ ಮಾಡುವ ಮಾತು. ಇದನ್ನು ದಯವಿಟ್ಟು ಮನೆಯವರೆಲ್ಲ ಓದಿ. ಸೆಪ್ಟಿಕ್ ಟ್ಯಾಂಕಿನೊಳಗೆ ಯಾರನ್ನೂ ಇಳಿಸಬೇಡಿ. ಐದು ನಿಮಿಷಕ್ಕೂ ಬೇಡ. ಒಳಗೆ ಹೈಡ್ರೋಜನ್ ಸಲ್ಫೈಡ್ ಎಂಬ ಗಾಳಿ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆ. ಅದು ಜಾಸ್ತಿಯಾದಾಗ ಮೂಗೇ ಸತ್ತು ವಾಸನೆ ಗೊತ್ತಾಗುವುದಿಲ್ಲ. ವಾಸನೆ ಇಲ್ಲವಲ್ಲ ಎಂದು ಇಳಿದವರು ಎರಡೇ ಉಸಿರಿಗೆ ಬೀಳುತ್ತಾರೆ. ಅವರನ್ನು ಎತ್ತಲು ಹೋದವರೂ ಬೀಳುತ್ತಾರೆ. ಮುಖಕ್ಕೆ ಬಟ್ಟೆ ಕಟ್ಟಿದರೆ ಏನೂ ಪ್ರಯೋಜನವಿಲ್ಲ. ಬೆಂಕಿಕಡ್ಡಿ ಗೀರಿ ನೋಡುವುದಂತೂ ಬೇಡವೇ ಬೇಡ, ಒಳಗಿನ ಮೀಥೇನ್ ಎಂಬ ಗಾಳಿ ಹೊತ್ತಿಕೊಳ್ಳುತ್ತದೆ. 2013ರ ಕಾಯ್ದೆಯ ಪ್ರಕಾರ ರಕ್ಷಣೆ ಇಲ್ಲದೆ ಮನುಷ್ಯನಿಂದ ಟ್ಯಾಂಕ್ ಸ್ವಚ್ಛ ಮಾಡಿಸುವುದು ಅಪರಾಧ, ಮಾಡಿಸಿದ ಮನೆಯವರ ಮೇಲೂ ಕೇಸು ಬೀಳುತ್ತದೆ. ಹೀಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು 2014ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟ್, 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಆದರೆ ಕಾನೂನಿಗಾಗಿ ಅಲ್ಲ, ಆ ಮನುಷ್ಯನಿಗೂ ಮನೆಯಲ್ಲಿ ಕಾಯುವವರಿದ್ದಾರೆ, ಅದಕ್ಕಾಗಿ. ನಾನು ಎರಡು ಗುಂಡಿಯ ಪದ್ಧತಿಯನ್ನು ಇಷ್ಟು ಹೇಳುವುದಕ್ಕೆ ದೊಡ್ಡ ಕಾರಣ ಇದೇ. ಅಲ್ಲಿ ಹಸಿ ಮಲ ಮುಟ್ಟುವ ಸಂದರ್ಭವೇ ಬರುವುದಿಲ್ಲ.

ಟ್ಯಾಂಕ್ ಕಟ್ಟಿದರೆ ಹೀರುವ ಲಾರಿಯನ್ನೇ ಕರೆಸಬೇಕು. ನಿಮ್ಮ ಕಣ ರಸ್ತೆ ಪಕ್ಕ ಇರುವುದು ಇದಕ್ಕೂ ಅನುಕೂಲ. ಹಿತ್ತಿಲಿನ ಮೂಲೆಗೆ ಅವರ ಪೈಪ್ ಮುಟ್ಟುವುದು ಕಷ್ಟ. ತುಂಬಿ ಹರಿಯುವವರೆಗೆ ಕಾಯಬೇಡಿ, ಎರಡು ಮೂರು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ತೆಗೆಸಿ. ಮಳೆಗಾಲದಲ್ಲಿ ಖಾಲಿ ಮಾಡಿಸಿದರೆ ಅಂತರ್ಜಲದ ಒತ್ತಡಕ್ಕೆ ಟ್ಯಾಂಕೇ ಮೇಲೇಳುವುದುಂಟು, ಪ್ಲಾಸ್ಟಿಕ್ ಟ್ಯಾಂಕಾದರೆ ಇನ್ನೂ ಸುಲಭವಾಗಿ. ಲಾರಿಯವರನ್ನು ಎಲ್ಲಿ ಸುರಿಯುತ್ತೀರಿ ಎಂದು ಕೇಳಿ. ದೇವನಹಳ್ಳಿಯಲ್ಲಿ 2015ರಿಂದ ಮಲಕೆಸರು ಸಂಸ್ಕರಿಸುವ ಘಟಕ ಇದೆ, ಅಲ್ಲಿ ಅದನ್ನು ಒಣಗಿಸಿ ಗೊಬ್ಬರ ಮಾಡುತ್ತಾರೆ. ನಿಮ್ಮ ಹತ್ತಿರ ಅಂಥದ್ದು ಎಲ್ಲಿದೆ ಎಂದು ಪಂಚಾಯಿತಿಯಲ್ಲಿ ವಿಚಾರಿಸಿ, ಲಾರಿ ಅಲ್ಲಿಗೇ ಹೋಗುವಂತೆ ನೋಡಿಕೊಳ್ಳಿ. ರಾತ್ರಿ ಹಳ್ಳಕ್ಕೆ ಸುರಿದರೆ ನಾವು ಇಷ್ಟೆಲ್ಲ ಮಾಡಿದ್ದು ಯಾರಿಗೋ ತೊಂದರೆ ದಾಟಿಸಿದಂತೆ ಆಗುತ್ತದೆ.

ಅಂಗಡಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಪುಡಿ ಬೇಕಿಲ್ಲ. ಬೆಲ್ಲ, ಸಗಣಿ ಹಾಕುವುದೂ ಬೇಕಿಲ್ಲ. ಬೇಕಾದ ಜೀವಿಗಳು ನಮ್ಮ ಹೊಟ್ಟೆಯಿಂದಲೇ ಬರುತ್ತವೆ. ಅವನ್ನು ಕೊಲ್ಲದಿದ್ದರೆ ಸಾಕು. ಆಸಿಡ್, ಬ್ಲೀಚಿಂಗ್ ಪೌಡರ್, ಫಿನಾಯಿಲ್ ಸುರಿಯಬೇಡಿ, ಬ್ರಷ್ ಮತ್ತು ಸ್ವಲ್ಪ ಸೋಪು ಸಾಕು. ಪ್ಯಾಡ್, ಡಯಾಪರ್, ಒದ್ದೆ ಟಿಶ್ಯೂ ಯಾವುದೂ ಒಳಗೆ ಹೋಗಬಾರದು.

ಕೊನೆಗೆ ನಿಮ್ಮ ಪೈಪಿನ ಖರ್ಚು. 50 ಅಡಿಗೆ ನಾಲ್ಕಿಂಚು ಪೈಪ್ ಹಾಕಿ, ಒಂದೂಕಾಲು ಅಡಿ ಇಳಿತ ಕೊಟ್ಟರೆ ಚೆನ್ನಾಗಿ ಹರಿಯುತ್ತದೆ. ಪಾಯ ಎತ್ತರಿಸುವಾಗಲೇ ಈ ಇಳಿತ ಲೆಕ್ಕ ಹಾಕಿಕೊಳ್ಳಿ, ಆಮೇಲೆ ಆಗುವುದಿಲ್ಲ. ತಿರುವು ಇರುವಲ್ಲೆಲ್ಲ ಒಂದು ಚೇಂಬರ್ ಇಡಿ. 12 ರಿಂಗ್, ಅದನ್ನು ಇಳಿಸುವ ಕೂಲಿ, 12 ಅಡಿ ತೋಡುವ ಕೆಲಸ, ಇವೆಲ್ಲ ಉಳಿಯುತ್ತವಲ್ಲ, ಅದನ್ನು ಈ ಪೈಪಿಗೂ ಮರಳಿಗೂ ಹಾಕಿ. ಮಣ್ಣು ಮುಚ್ಚುವ ಮೊದಲು ಪೈಪ್, ಚೇಂಬರ್, ಗುಂಡಿ ಎಲ್ಲೆಲ್ಲಿವೆ ಎಂದು ಮನೆಯ ಮೂಲೆಯಿಂದ ಅಳೆದು ಒಂದು ಚಿತ್ರ ಬರೆಸಿ, ಫೋಟೊ ತೆಗೆದು ಮನೆಯ ಕಾಗದಪತ್ರದ ಜೊತೆ ಇಡಿ. ಕಣದ ಪೈಪಿನಲ್ಲಿ ಪುಷ್ಯ ಮಳೆಯ ಹೊತ್ತಿಗೆ ನೀರು ಎಷ್ಟು ಅಡಿಗೆ ಬಂತು ಎಂದು ನನಗೂ ಬರೆಯಿರಿ. ಆ ಅಂಕೆ ಬಂದ ಮೇಲೆ ಗುಂಡಿಯೋ ಟ್ಯಾಂಕೋ ಎಂದು ಇಬ್ಬರೂ ಕೂತು ತೀರ್ಮಾನ ಮಾಡೋಣ.